ಎರಡನೇ ಭಾಗದಲ್ಲಿ ದೊಡ್ಡಮ್ಮನ ಧ್ವನಿ

ಇಂಗ್ಲಿಷ್ ಸಿನಿಮಾಗಳಿಗೆ ಕನ್ನಡದ ಮಾತು ಬರೆಯುವುದು ನನ್ನ ಹೊಟ್ಟೆಪಾಡು. ಪರದೆಯ ಮೇಲಿನವನು ಬಾಯಿ ತೆರೆದಾಗ ನನ್ನ ಮಾತು ಶುರುವಾಗಬೇಕು, ಅವನು ತುಟಿ ಮುಚ್ಚಿದಾಗ ಮುಗಿಯಬೇಕು. ಅವನು ಮೂರಕ್ಷರದಲ್ಲಿ ಹೇಳಿದ್ದಕ್ಕೆ ಕನ್ನಡದಲ್ಲಿ ಹನ್ನೆರಡು ಅಕ್ಷರ ಬೇಕಾದರೆ ಅದು ನನ್ನ ತಲೆನೋವು. ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಒಂದು ಪಾತ್ರೆ ಅಂಗಡಿಯಿದೆ; ಅದರ ಮೇಲೆ ಎರಡನೇ ಮಹಡಿಯಲ್ಲಿ ನಮ್ಮ ಸ್ಟುಡಿಯೋ. ಮೊದಲು ಎರಡು ಕಿಟಕಿಗಳಿದ್ದವಂತೆ. ಬಸ್ಸಿನ ಹಾರ್ನ್ ಒಳಗೆ ಬರಬಾರದೆಂದು ಇಟ್ಟಿಗೆಯಿಟ್ಟು ಮುಚ್ಚಿಸಿದ್ದಾರೆ. ಹನ್ನೊಂದು ವರ್ಷಗಳಿಂದ ಬೆಳಿಗ್ಗೆ ಹತ್ತಕ್ಕೆ ಒಳಗೆ ಹೊಕ್ಕು ಸಂಜೆ ಆರಕ್ಕೆ ಹೊರಬೀಳುತ್ತೇನೆ. ನಡುವೆ ಮಳೆ ಬಂದು ಹೋಗಿದ್ದರೆ ಒದ್ದೆ ರಸ್ತೆ ನೋಡಿ ತಿಳಿದುಕೊಳ್ಳಬೇಕು.

ಈಗ ಹೇಳಹೊರಟಿರುವುದು ಒಂದು ದೊಡ್ಡ ವೈಜ್ಞಾನಿಕ ಸಿನಿಮಾದ ಎರಡನೇ ಭಾಗದ ಗುಣದೋಷಗಳ ವಿಚಾರ. ಅದರ ಒಂದು ದೋಷ ನನ್ನದೇ ಆದ್ದರಿಂದ ಇಷ್ಟು ದಿನ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಮೊದಲ ಭಾಗದ ಕಥೆ ಸರಳ. ಭೂಮಿ ಹಾಳಾಗಿದೆ, ಉಳಿದ ಜನರೆಲ್ಲ ಊರಿನಷ್ಟು ದೊಡ್ಡ ನೌಕೆಯೊಂದರಲ್ಲಿ ಹೊರಟಿದ್ದಾರೆ, ತಲೆಮಾರುಗಳು ಅದರಲ್ಲೇ ಹುಟ್ಟಿ ಅದರಲ್ಲೇ ಸಾಯುತ್ತಿವೆ. ನೌಕೆಯ ನೀರಿನ ಕೀಲಿ ಅತಿ ಹಿರಿಯಳಾದ ಒಬ್ಬ ಮುದುಕಿಯ ಕೈಯಲ್ಲಿದೆ. ಮೂಲದಲ್ಲಿ ಅವಳಿಗೆ ಬಾಯಿಗೆ ಬಾರದ ಒಂದು ಪದವಿಯಿತ್ತು. ನಾನು ಮಹಾತಾಯಿ ಎಂದು ಮಾಡಿದೆ. ಅವಳಿಗೆ ಕನ್ನಡದಲ್ಲಿ ಮಾತು ಕೊಟ್ಟವರು ನಮ್ಮ ದೊಡ್ಡಮ್ಮ.

ದೊಡ್ಡಮ್ಮ ನನಗೆ ನೆಂಟರೇನಲ್ಲ. ಸ್ಟುಡಿಯೋದಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಯಾವ ಊರಿನ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿ ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಯಾರೋ ಡಬ್ಬಿಂಗಿಗೆ ಕರೆತಂದರು. ಕೆಂಗೇರಿಯ ಮಗಳ ಮನೆಯಿಂದ ಮೆಟ್ರೋದಲ್ಲಿ ಬರುತ್ತಿದ್ದರು, ಬರುವಾಗ ಡಬ್ಬಿಯಲ್ಲಿ ಕೋಡುಬಳೆ ತರುತ್ತಿದ್ದರು, ರೆಕಾರ್ಡಿಂಗ್ ಬೂತಿಗೆ ಹೋಗುವ ಮುಂಚೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಕರುಮ್ ಕುರುಮ್ ಸದ್ದು ಮೈಕಿಗೆ ಬಿದ್ದರೆ ಬೈಗುಳ ಗ್ಯಾರಂಟಿ. ಮೊದಲ ಭಾಗ ಬಿಡುಗಡೆಯಾದಾಗ ಮಹಾತಾಯಿ ಮಾತಾಡಲು ಶುರುಮಾಡಿದರೆ ಥಿಯೇಟರಿನಲ್ಲಿ ಜನ ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸುತ್ತಿದ್ದರು. ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಕಲಾವಿದರು ಬೂತಿನಲ್ಲಿ ನಿಂತ ಮೇಲೆ, ಬರೆದವನು ಹೊರಗಿನಿಂದ ಒಂದೊಂದೇ ಸಾಲನ್ನು ಓದಿ ಹೇಳುತ್ತಾನೆ. ಅವರು ಹೆಡ್‌ಫೋನಿನಲ್ಲಿ ಅದನ್ನು ಕೇಳಿ, ಪರದೆ ನೋಡುತ್ತಾ ತಮ್ಮ ರೀತಿಯಲ್ಲಿ ಹೇಳುತ್ತಾರೆ. ಹಾಗೆ ನಾನು ದೊಡ್ಡಮ್ಮನಿಗೆ ಸಾವಿರಾರು ಸಾಲು ಓದಿದ್ದೇನೆ. ನಾನು ಓದಿದ ಹಾಗೆ ಅವರು ಒಮ್ಮೆಯೂ ಹೇಳಲಿಲ್ಲ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಆಮೇಲೆ ಬರವಣಿಗೆಯನ್ನೇ ಅವರಿಗೆ ತಕ್ಕಂತೆ ಬದಲಾಯಿಸಿಕೊಂಡೆ.

ಎರಡನೇ ಭಾಗ ಬರುವ ಹೊತ್ತಿಗೆ ಅವರ ಗಂಟಲಿಗೆ ಆಪರೇಷನ್ ಆಗಿತ್ತು. ಜೀವಕ್ಕೆ ಅಪಾಯವಿಲ್ಲವೆಂದರು ಡಾಕ್ಟರು. ಆದರೆ ಧ್ವನಿ ಒಡೆದಿತ್ತು, ನಾಲ್ಕು ಮಾತಿಗೆ ಉಸಿರು ಮುಗಿಯುತ್ತಿತ್ತು. ಎರಡನೇ ಭಾಗದಲ್ಲಾದರೋ ಮಹಾತಾಯಿಯದೇ ಕಾರುಬಾರು. ನೌಕೆ ಉಪ್ಪಿನ ಗ್ರಹವೊಂದರಲ್ಲಿ ಇಳಿಯುತ್ತದೆ, ಅಲ್ಲಿ ಮೊದಲೇ ಬಂದು ನೆಲೆಸಿದವರಿಗೂ ಇವರಿಗೂ ಯುದ್ಧ ಹತ್ತಿಕೊಳ್ಳುತ್ತದೆ. ಕೊನೆಯಲ್ಲಿ ಎಲ್ಲರೂ ಪಾರಾಗಬೇಕೆಂದರೆ ಒಬ್ಬರು ನೌಕೆಯ ಒಳಗೇ ನಿಂತು ಬಾಗಿಲು ಮುಚ್ಚಬೇಕು. ಮುದುಕಿ ನಿಲ್ಲುತ್ತಾಳೆ. ನಾಲ್ಕು ನಿಮಿಷ ಮಾತಾಡುತ್ತಾಳೆ. ಇಡೀ ಚಿತ್ರ ಆ ನಾಲ್ಕು ನಿಮಿಷಕ್ಕಾಗಿಯೇ ಕಾದಿರುತ್ತದೆ.

ದೊಡ್ಡಮ್ಮ ಒಂದು ದಿನ ಬಂದು ಪ್ರಯತ್ನ ಮಾಡಿದರು. ಎರಡು ಸಾಲು ಹೇಳಿದರು, ಕೆಮ್ಮಿದರು, ನೀರು ಕುಡಿದರು, ಮತ್ತೆ ಎರಡು ಸಾಲು. ಆ ಒಡಕು ಧ್ವನಿಯಲ್ಲಿ ಅವರು ಹೇಳಿದ್ದು ಮೂಲ ನಟಿಗಿಂತ ಚೆನ್ನಾಗಿತ್ತು. ಇದನ್ನು ಈಗ ಬರೆಯುತ್ತಿದ್ದೇನೆ. ಅಂದು ಸ್ಟುಡಿಯೋ ಮಾಲೀಕರು ಹೇಗಿದೆ ಎಂಬಂತೆ ನನ್ನ ಮುಖ ನೋಡಿದಾಗ ನಾನು ಕಾಗದ ಜೋಡಿಸುತ್ತಾ ಕೂತೆ.

"ಒಂದು ತಿಂಗಳು ಕೊಡಿ ಸಾರ್. ಸಾಲುಗಳನ್ನ ಮನೆಗೆ ತಗೊಂಡು ಹೋಗಿ ಅಭ್ಯಾಸ ಮಾಡ್ಕೊಂಡು ಬರ್ತೀನಿ," ಎಂದರು ದೊಡ್ಡಮ್ಮ.

"ಆಗ್ಲಿ ಅಮ್ಮಾ, ಅದಕ್ಕೇನಂತೆ," ಎಂದರು ಮಾಲೀಕರು. ದೊಡ್ಡಮ್ಮ ಮೆಟ್ಟಿಲಿಳಿದು ಹೋದ ಮೇಲೆ ಮಾಲೀಕರು ಬಾಗಿಲು ಹಾಕಿ ನನಗೆ ಹೇಳಿದರು, "ಪಾಪ, ಅವರಿಗ್ಯಾಕ್ರೀ ತೊಂದ್ರೆ. ಮೊದಲ್ನೇ ಭಾಗದ ಧ್ವನಿ ನಮ್ಮ ಹತ್ರ ಇದೆಯಲ್ಲ. ಅದನ್ನೇ ಕಂಪ್ಯೂಟರ್‌ಗೆ ಕಲಿಸೋಣ. ಈಗೆಲ್ಲಾ ಹಂಗೇ ಮಾಡ್ತಾರೆ."

"ಅವರನ್ನ ಒಂದ್ ಮಾತು ಕೇಳೋಣ್ವಾ ಸಾರ್?"

"ಕೇಳಿದ್ರೆ ಬೇಡ ಅಂದ್ಬಿಟ್ರೆ? ಸೈನ್ ಹಾಕಿರೋ ಪೇಪರ್ ಇದೆ, ಎಲ್ಲಾ ಹಕ್ಕೂ ನಮ್ದೇ. ನೀವ್ಯಾಕೆ ತಲೆ ಕೆಡಿಸ್ಕೋತೀರಾ?"

ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ದಿನ ಕೂತು ದೊಡ್ಡಮ್ಮನ ಹಳೆಯ ಧ್ವನಿಯನ್ನೆಲ್ಲ ವಿಂಗಡಿಸಿಕೊಟ್ಟೆ. ಕೋಪ ಒಂದು ಕಡೆ, ಕರುಣೆ ಒಂದು ಕಡೆ, ನಗು, ಬಿಕ್ಕಳಿಕೆ, ನಿಟ್ಟುಸಿರು. ಸೊಪ್ಪು ಬಿಡಿಸಿದ ಹಾಗೆ ಬಿಡಿಸಿಟ್ಟೆ. ಆಮೇಲೆ ಗೊತ್ತಾಯಿತು, ಕಂಪ್ಯೂಟರು ತಾನಾಗಿಯೇ ಹೇಳುವುದಿಲ್ಲ. ಯಾರಾದರೂ ಮೊದಲು ಆ ಮಾತುಗಳನ್ನು ಭಾವ ತುಂಬಿ ಹೇಳಬೇಕು, ಅದರ ಮೇಲೆ ಅದು ದೊಡ್ಡಮ್ಮನ ಧ್ವನಿಯನ್ನು ಹೊದಿಸುತ್ತದೆ. ಹೇಳಲು ಯಾರಿದ್ದಾರೆ? ಅವರ ಏರಿಳಿತವೆಲ್ಲ ಬಲ್ಲವನು ನಾನೊಬ್ಬನೇ. ಮಾಲೀಕರು ಹೊಗಳಿದರು, ಉಬ್ಬಿದೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ಬೂತಿನ ಒಳಗೆ ನಿಂತೆ. ಬಾಗಿಲು ಮುಚ್ಚಿದ ಕೂಡಲೇ ಕಿವಿಗೆ ಏನೋ ತುರುಕಿದ ಹಾಗಾಯಿತು. ಗೋಡೆಗೆಲ್ಲ ಕಪ್ಪು ಸ್ಪಂಜು, ನಿಂತರೆ ಮೊಣಕೈ ತಾಗುವಷ್ಟು ಜಾಗ, ಫ್ಯಾನ್ ಹಾಕುವಂತಿಲ್ಲ. ಈ ಗೂಡಿನಲ್ಲಿ ಅವರು ಆರಾರು ಗಂಟೆ ಹೇಗೆ ನಿಲ್ಲುತ್ತಿದ್ದರೋ. ಬೆವರು ಸುರಿಸುತ್ತಾ ನಾಲ್ಕು ನಿಮಿಷದ ಮಾತು ಹೇಳಿ ಮುಗಿಸಿದೆ. ಹೊರಗೆ ಬಂದರೆ ಸ್ಪೀಕರಿನಲ್ಲಿ ದೊಡ್ಡಮ್ಮ ಮಾತಾಡುತ್ತಿದ್ದರು. ಸೌಂಡ್ ಎಂಜಿನಿಯರ್ ಚಪ್ಪಾಳೆ ತಟ್ಟಿದ. ನನಗೆ ಖುಷಿಯಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಆ ಖುಷಿ ಮಾಗಡಿ ರಸ್ತೆಯ ಸಿಗ್ನಲ್ ತನಕ ಇತ್ತು. ಅಲ್ಲಿ ಫೋನ್ ಬಂತು.

"ಇವತ್ತು ಎಂಟು ಸಾಲು ಒಂದೇ ಉಸಿರಲ್ಲಿ ಹೇಳ್ದೆ ಕಣಪ್ಪಾ," ಎಂದರು ದೊಡ್ಡಮ್ಮ. "ಮಗಳು ಬೈತಾಳೆ. ಬಿಸಿನೀರಲ್ಲಿ ಮೆಣಸು ಹಾಕ್ಕೊಂಡು ಕುಡೀತಾ ಇದೀನಿ. ಡೇಟ್ ಯಾವಾಗ?"

ಹೇಳಿಬಿಡಬೇಕಾಗಿದ್ದ ಘಳಿಗೆ ಅದು. ಆದರೆ ನಮ್ಮಂಥವರಿಗೆ ದಾಕ್ಷಿಣ್ಯ ಅನ್ನುವುದು ಹುಟ್ಟಿನಿಂದಲೇ ಅಂಟಿದ ರೋಗ. ಕೆಟ್ಟದ್ದು ಮಾಡಲು ಅಡ್ಡಬರುವುದಿಲ್ಲ, ಮಾಡಿದ್ದನ್ನು ಹೇಳಲು ಅಡ್ಡಬರುತ್ತದೆ. "ಡೇಟ್ ಇನ್ನೂ ಬಂದಿಲ್ಲ ಅಮ್ಮಾ," ಎಂದೆ. ಹದಿನೈದು ದಿನ ಹಾಗೇ ಅಂದೆ. ಅಷ್ಟರಲ್ಲಿ ಅವರ ಅಭ್ಯಾಸ ಹತ್ತು ಸಾಲಿಗೆ, ಹನ್ನೆರಡು ಸಾಲಿಗೆ ಬಂದಿತ್ತು. ಕೊನೆಗೆ, "ಆ ಪಾತ್ರ ಮುಂಬೈನಲ್ಲೇ ಯಾರೋ ಮಾಡಿಬಿಟ್ರಂತೆ ಅಮ್ಮಾ, ನಮ್ಮ ಕೈ ಮೀರಿ ಹೋಯ್ತು," ಎಂದೆ. ಅವರು "ಹೋಗ್ಲಿ ಬಿಡು, ನೀನೇನ್ ಮಾಡ್ತೀಯ ಪಾಪ," ಎಂದು ನನ್ನನ್ನೇ ಸಮಾಧಾನ ಮಾಡಿದರು. ಆವತ್ತು ನಾನು ಊಟ ಮಾಡಲಿಲ್ಲ.

ಚಿತ್ರ ಬಿಡುಗಡೆಯಾದ ವಾರ ಮತ್ತೆ ಫೋನ್. "ಮಗಳು ಎರಡು ಟಿಕೆಟ್ ತೆಗ್ದಿದಾಳೆ. ಭಾನುವಾರ ಮಧ್ಯಾಹ್ನ, ರಾಜಾಜಿನಗರದಲ್ಲಿ. ನನ್ನ ಪಾತ್ರ ಯಾರು ಮಾಡಿದಾರೆ ನೋಡ್ಬೇಕು. ನೀನು ಬಾ."

ನುಂಗುವಂತಿಲ್ಲ, ಉಗುಳುವಂತಿಲ್ಲ, ಬಿಸಿ ತುಪ್ಪ. ನನಗಿದ್ದ ಒಂದೇ ದಾರಿ ಎಂದರೆ ಚಿತ್ರವನ್ನು ತೆಗಳುವುದು. ತೆಗಳಿದೆ.

"ಮೂರು ಗಂಟೆ ಇದೆ ಅಮ್ಮಾ. ಕಾಲು ಹಿಡ್ಕೊಳುತ್ತೆ."

"ಬಸ್ ಸ್ಟ್ಯಾಂಡಲ್ಲಿ ಎಂಟು ಗಂಟೆ ಕೂತಿದ್ದೋಳು ನಾನು."

"ಬರೀ ಯುದ್ಧ. ಯಾರು ಯಾರನ್ನ ಹೊಡೀತಿದಾರೆ ಅಂತಾನೇ ಗೊತ್ತಾಗಲ್ಲ."

"ಆಗ ಕಣ್ಮುಚ್ಕೊಂಡು ಒಂದು ನಿದ್ದೆ ತೆಗೀತೀನಿ."

"ಮೊದಲ್ನೇ ಭಾಗ ನೆನಪಿಲ್ದೇ ಇದ್ರೆ ಒಂದೂ ಅರ್ಥ ಆಗಲ್ಲ. ಅರ್ಧ ಗಂಟೆ ಆ ವಿಜ್ಞಾನಿ ನಿಂತ್ಕೊಂಡು ಪಾಠ ಮಾಡ್ತಾನೆ."

"ಮೊದಲ್ನೇ ಭಾಗ ನಂಗೆ ಬಾಯಿಪಾಠ. ನಾನೇ ಮಾತಾಡಿದ್ದಲ್ವೇನಪ್ಪಾ?"

ನಾನು ಹೇಳಿದ ದೋಷಗಳೆಲ್ಲ ನಿಜವಾದವೇ. ನಿರ್ದೇಶಕನಿಗೆ ದೊಡ್ಡದೆಲ್ಲ ಒಳ್ಳೆಯದು ಎಂಬ ಭ್ರಮೆ. ಮೊದಲ ಭಾಗದಲ್ಲಿ ಒಂದು ನೌಕೆ ಇದ್ದರೆ ಎರಡನೆಯದರಲ್ಲಿ ನೂರು. ಖಳನಾಯಕನಿಗೆ ಕೋಪ ಯಾಕೆ ಬಂದಿದೆ ಎಂಬುದು ಅವನಿಗೂ ತಿಳಿಯದು; ಅವನ ಮಾತು ಬರೆದ ನನಗಂತೂ ತಿಳಿದಿಲ್ಲ. ಆದರೆ ತೆಗಳುತ್ತಾ ತೆಗಳುತ್ತಾ ನಾಲಿಗೆ ಜಾರಿ, "ಒಂದು ಸೀನ್ ಮಾತ್ರ ಅದ್ಭುತವಾಗಿದೆ ಅಮ್ಮಾ," ಎಂದುಬಿಟ್ಟೆ. ಅಲ್ಲಿಗೆ ಮುಗಿಯಿತು.

ಭಾನುವಾರ ವಿಜಯನಗರದ ಮೆಟ್ರೋ ಮೆಟ್ಟಿಲ ಹತ್ತಿರ ಕಾದು ನಿಂತೆ. ದೊಡ್ಡಮ್ಮ ಜರಿಯಂಚಿನ ಸೀರೆ ಉಟ್ಟು, ಕುತ್ತಿಗೆಯ ಗಾಯ ಕಾಣದ ಹಾಗೆ ಸೆರಗು ಹೊದ್ದು ಬಂದರು. ಆಟೋದಲ್ಲಿ ಉದ್ದಕ್ಕೂ ಅವರೇ ಮಾತಾಡಿದರು, ಒಡಕು ಧ್ವನಿಯಲ್ಲಿ, ನಡುನಡುವೆ ನಿಂತು ಉಸಿರೆಳೆದುಕೊಂಡು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಅವರು ಧ್ವನಿ ಎಂದಾಗಲೆಲ್ಲ ನಾನು ಹೊರಗೆ ನೋಡುತ್ತಿದ್ದೆ. ಮಗಳು ಆರಿಸಿದ ಸೀಟು ಸಾಲಿನ ನಟ್ಟನಡುವೆ. ಈ ಕಡೆ ಹತ್ತು ಜನ, ಆ ಕಡೆ ಹತ್ತು ಜನ, ಎಲ್ಲರ ತೊಡೆಯ ಮೇಲೂ ಬಕೆಟ್ಟಿನಂಥ ಪಾಪ್‌ಕಾರ್ನ್ ಡಬ್ಬಿಗಳು. ಎದ್ದು ಹೋಗುವುದಾದರೆ ಹತ್ತು ಜನರ ಮಂಡಿ ತುಳಿದೇ ಹೋಗಬೇಕಿತ್ತು.

ಮಹಾತಾಯಿ ಮೊದಲ ಸಲ ಬಾಯಿ ತೆರೆದದ್ದು ಇಪ್ಪತ್ತನೇ ನಿಮಿಷದಲ್ಲಿ. ಒಂದೇ ಸಾಲು. ದೊಡ್ಡಮ್ಮ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ನಾನು ಅವರ ಕಡೆ ತಿರುಗಲಿಲ್ಲ. ಎರಡನೇ ಸಲ, ಮೂರನೇ ಸಲ. ಗುಂಡು, ಬೆಂಕಿ, ಸ್ಫೋಟ ಬಂದಾಗ ನನಗೆ ಎಷ್ಟು ನೆಮ್ಮದಿಯಾಗುತ್ತಿತ್ತೆಂದರೆ, ಆ ಯುದ್ಧ ಮುಗಿಯದೇ ಇರಲಿ ಎಂದು ಬೇಡಿಕೊಂಡೆ. ಇಡೀ ಥಿಯೇಟರಿನಲ್ಲಿ ಚಿತ್ರದ ಆ ದೋಷವನ್ನು ಅಷ್ಟು ಪ್ರೀತಿಯಿಂದ ನೋಡಿದವನು ನಾನೊಬ್ಬನೇ ಇರಬೇಕು. ಇಂಟರ್ವಲ್‌ನಲ್ಲಿ, "ಕಾಫಿ ತರ್ಲಾ ಅಮ್ಮಾ?" ಎಂದೆ. ತಲೆಯಾಡಿಸಿ ಬೇಡ ಎಂದರು. ಓಡಿಹೋಗಲು ಅದೊಂದೇ ಅವಕಾಶವಿತ್ತು. ಕೂತೇ ಇದ್ದೆ.

ಕೊನೆಯ ನಾಲ್ಕು ನಿಮಿಷ ಬಂತು. ಬಾಗಿಲ ಒಳಗೆ ಮುದುಕಿ, ಹೊರಗೆ ಅವಳ ಜನ. ದೊಡ್ಡಮ್ಮನ ಹಳೆಯ, ತುಂಬು ಧ್ವನಿ ಥಿಯೇಟರನ್ನು ತುಂಬಿಕೊಂಡಿತು. ಹಿಂದಿನ ಸಾಲಿನಲ್ಲಿ ಯಾರೋ ಅಳುತ್ತಿದ್ದರು. ಪಕ್ಕದಲ್ಲಿ ಆ ಧ್ವನಿಯ ಒಡತಿ ಕಣ್ಣು ಮುಚ್ಚಿ, ತುಟಿ ಮಾತ್ರ ಆಡಿಸುತ್ತಾ ಕೂತಿದ್ದರು. ಅವರಿಗೆ ಸಾಲುಗಳೆಲ್ಲ ಬಾಯಿಗೆ ಬರುತ್ತಿದ್ದವು. ಒಂದು ತಿಂಗಳು ಮೆಣಸಿನ ನೀರು ಕುಡಿದು ಕಲಿತದ್ದಲ್ಲವೇ. ನನಗೆ ನಾಚಿಕೆಯಿಂದ ಕೂತಲ್ಲೇ ಕರಗಿ ಹೋದರೆ ಸಾಕೆನಿಸಿತು.

ಹೊರಗೆ ಬಂದು ತಿಂಡಿ ಮಾರುವ ಮಹಡಿಯಲ್ಲಿ ಒಂದು ಮೇಜು ಹಿಡಿದೆವು. ಮಕ್ಕಳು ಕಿರುಚುತ್ತಾ ಓಡಾಡುತ್ತಿದ್ದರು. ದೊಡ್ಡಮ್ಮ ಬಿಸಿನೀರು ಕೇಳಿ ತರಿಸಿಕೊಂಡರು, ಎರಡು ಗುಟುಕು ಕುಡಿದರು.

"ಚೆನ್ನಾಗಿರೋದು ಮೊದ್ಲು ಹೇಳ್ತೀನಿ," ಎಂದರು. "ಆ ಜನ ಮೊದಲ್ನೇ ಸಲ ನೌಕೆ ಬಿಟ್ಟು ಆಚೆ ಬರ್ತಾರಲ್ಲ, ಮೇಲೆ ಸೂರಿಲ್ಲ ಅಂತ ಹೆದ್ರಿ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತ್ಬಿಡ್ತಾರೆ. ಒಬ್ಬರೂ ಮಾತಾಡಲ್ಲ. ಅದು ಚೆನ್ನಾಗಿದೆ. ನೀನು ಅದ್ಭುತ ಅಂದಿದ್ದು ಅದೇ ತಾನೆ?"

"ಹೌದಮ್ಮಾ."

"ಆ ಉಪ್ಪನ್ನ ಕೈಯಲ್ಲಿ ತಗೊಂಡು ಒಂದು ಮಗು ನೆಕ್ಕುತ್ತೆ, ಅದೂ ಚೆನ್ನಾಗಿದೆ. ಚೆನ್ನಾಗಿಲ್ದೇ ಇರೋದು, ಆ ಹೀರೋ. ಯುದ್ಧದಲ್ಲಿ ಅವ್ನ ತಾಯಿ ಸತ್ತು ಐದು ನಿಮಿಷ ಆಗಿಲ್ಲ, ಹುಡುಗಿ ಕೈ ಹಿಡ್ಕೊಂಡು ಬೆಟ್ಟ ಹತ್ತುತಾನೆ. ಸೂತಕ ಬೇಡ, ಒಂದು ಗಳಿಗೆ ದುಃಖನಾದ್ರೂ ಬೇಡ್ವಾ? ಇನ್ನು ಯುದ್ಧ. ಅದನ್ನ ನೀನೇ ಹೇಳಿದ್ದೆ."

ಅವರು ಲೋಟ ಕೆಳಗಿಟ್ಟರು.

"ಮಹಾತಾಯಿ ಧ್ವನಿ ನಂದು," ಎಂದರು. "ಮಾತಾಡಿದ್ದು ನೀನು."

ನಾನು ಮೇಜಿನ ಮೇಲೆ ಚೆಲ್ಲಿದ್ದ ನೀರನ್ನು ಬೆರಳಿನಿಂದ ಒರೆಸಿದೆ.

"ನೀನು ಸಾಲಿನ ಕೊನೆ ನುಂಗ್ತೀಯ ಕಣಪ್ಪಾ. ಹನ್ನೊಂದು ವರ್ಷ ನೀನು ಓದೋದನ್ನ ಕಿವೀಲಿ ಹಾಕ್ಕೊಂಡಿದೀನಿ. ಪ್ರತಿ ಸಲ ಆ ಕೊನೇನ ನಾನೇ ಎತ್ತಿ ಹೇಳ್ತಿದ್ದೆ. ಇಲ್ಲಿ ಎತ್ತೋರಿಲ್ಲ. ಮೊದಲ್ನೇ ಸಾಲಲ್ಲೇ ಗೊತ್ತಾಯ್ತು."

"ತಪ್ಪಾಯ್ತು ಅಮ್ಮಾ. ಮಾಲೀಕರು..."

"ಅವರ ಮಾತು ಬೇಡ. ಅವರು ಅಂಗಡಿ ನಡೆಸೋರು. ನೀನ್ಯಾಕೆ ಕೇಳ್ಲಿಲ್ಲ? ಕೇಳಿದ್ರೆ ಬಯ್ತಿದ್ದೆ, ಅಳ್ತಿದ್ದೆ, ಆಮೇಲೆ ಕೊಡ್ತಿದ್ದೆ. ನಿನ್ನ ಪಕ್ಕ ನಿಂತ್ಕೊಂಡು ಹಿಂಗಲ್ಲ ಹಂಗೆ ಅಂತ ಹೇಳಿಕೊಡ್ತಿದ್ದೆ."

ನನಗೆ ಅಳು ಬಂತು. ನಲವತ್ತಾರು ವರ್ಷದ ಗಂಡಸು, ಬರ್ಗರ್ ತಿನ್ನುವ ಜನರ ನಡುವೆ, ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಟಿಶ್ಯೂ ಕಾಗದ ಮಾತ್ರ ನನ್ನ ಕಡೆ ತಳ್ಳಿದರು.

"ಕೊನೇಲಿ ಬಾಗಿಲು ಮುಚ್ಚೋಕ್ಮುಂಚೆ 'ಹೋಗಿ' ಅಂತಾಳಲ್ಲ," ಎಂದರು. "ಅದನ್ನ ನೀನು ಅಪ್ಪಣೆ ಕೊಟ್ಟ ಹಂಗೆ ಹೇಳಿದೀಯ. ಅದು ಅಪ್ಪಣೆ ಅಲ್ಲ. ಅವಳಿಗೂ ಅವರ ಜೊತೆ ಹೋಗ್ಬೇಕು ಅಂತ ಆಸೆ ಇದೆ. ಆ ಆಸೆ ಇಟ್ಕೊಂಡು ಹೇಳ್ಬೇಕು. ಹೆಂಗೆ ಅಂದ್ರೆ..."

ಅವರು ಮೇಜಿನ ಅಂಚು ಹಿಡಿದು, ಒಂದು ಸಲ ಉಸಿರೆಳೆದುಕೊಂಡು, "ಹೋಗಿ," ಎಂದರು.

ಒಡೆದ, ಅರ್ಧ ಗಾಳಿಯಾಗಿದ್ದ ಧ್ವನಿ. ಪಕ್ಕದ ಮೇಜಿನ ಹೆಂಗಸು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ತಿರುಗಿ ನೋಡಿದಳು. ಮೂಲದ ನಟಿ, ನಾನು, ಕಂಪ್ಯೂಟರು, ಮೂವರೂ ಸೇರಿ ಹೇಳಲಾರದೇ ಹೋದದ್ದನ್ನು ಅವರು ಎರಡಕ್ಷರದಲ್ಲಿ ಹೇಳಿದ್ದರು. ಆಗ ನನ್ನ ಕೈ, ನನ್ನನ್ನು ಕೇಳದೆ, ಜೇಬಿನಿಂದ ಮೊಬೈಲ್ ತೆಗೆದು ರೆಕಾರ್ಡಿಂಗ್ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟಿತ್ತು. "ಅಮ್ಮಾ, ಇನ್ನೊಂದ್ಸಲ ಹೇಳಿ," ಎಂದೂ ನನ್ನ ಬಾಯಿಂದ ಬಂದುಹೋಗಿತ್ತು.

ದೊಡ್ಡಮ್ಮ ಮೊಬೈಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕನ್ನಡಕ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಎದ್ದರು. ಆಟೋದಲ್ಲಿ ಮಾತಿಲ್ಲ. ಮೆಟ್ರೋ ಮೆಟ್ಟಿಲ ಹತ್ತಿರ ನಾನು ಹತ್ತು ಸಲ ಕೈ ಮುಗಿದೆ, ಅವರು ನನ್ನ ತೋಳು ತಟ್ಟಿ ಒಳಗೆ ಹೋದರು.

ಈಗಲೂ ವಾರಕ್ಕೊಮ್ಮೆ ಕೆಂಗೇರಿಗೆ ಫೋನ್ ಮಾಡುತ್ತೇನೆ. ಅವರೇ ಎತ್ತುತ್ತಾರೆ. ಹಲೋ ಎನ್ನುವುದಿಲ್ಲ. ಅವರ ಉಸಿರು ಕೇಳಿಸುತ್ತದೆ, ಹಿಂದೆ ಕುಕ್ಕರ್ ಕೂಗುವುದು ಕೇಳಿಸುತ್ತದೆ. ನಾನು ಆರೋಗ್ಯ ಕೇಳುತ್ತೇನೆ, ಸ್ಟುಡಿಯೋದ ಸುದ್ದಿ ಹೇಳುತ್ತೇನೆ, ಮತ್ತೊಮ್ಮೆ ತಪ್ಪಾಯಿತು ಎನ್ನುತ್ತೇನೆ. ಎಲ್ಲವನ್ನೂ ಕೊನೆಯ ತನಕ ಕೇಳಿಸಿಕೊಂಡು, ಒಂದಕ್ಷರವೂ ನನ್ನ ಕೈಗೆ ಕೊಡದೆ, ಫೋನ್ ಇಡುತ್ತಾರೆ.